ಮೇಸ್ತ್ರಿಯ ಕಿವಿಗೆ ಬೀಳದ ಸದ್ದು

ಅವರ ಬಲಗಿವಿಯ ಹಿಂದೆ, ಮೂಳೆ ಉಬ್ಬಿದ ಕಡೆ, ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಚರ್ಮ ದಪ್ಪಗಟ್ಟಿ ಕಪ್ಪಾಗಿತ್ತು. ಅಲ್ಲಿ ಕೂದಲೂ ಬರುತ್ತಿರಲಿಲ್ಲ. ಮೂವತ್ತು ವರ್ಷ ಒಂದು ಉದ್ದನೆಯ ಸ್ಕ್ರೂಡ್ರೈವರಿನ ಮರದ ಹಿಡಿಯನ್ನು ಅಲ್ಲಿಗೇ ಒತ್ತಿ ಒತ್ತಿ ಆದದ್ದು. ಸ್ಕ್ರೂಡ್ರೈವರಿನ ತುದಿ ಓಡುತ್ತಿರುವ ಇಂಜಿನ್ನಿನ ಮೇಲೆ, ಹಿಡಿ ಕಿವಿಯ ಹಿಂದೆ. ಕಣ್ಣು ಮುಚ್ಚಿ, ಬಾಯಿ ಸ್ವಲ್ಪ ತೆರೆದು ನಿಂತರೆಂದರೆ ಮುಗಿಯಿತು. ಡಾಕ್ಟರು ಎದೆಗೆ ನಳಿಗೆ ಇಟ್ಟ ಹಾಗೆ ಎಂದು ಎಲ್ಲರೂ ಹೇಳುತ್ತಿದ್ದರು. ಡಾಕ್ಟರು ಎರಡು ನಿಮಿಷದಲ್ಲಿ ಚೀಟಿ ಬರೆದು ಎಬ್ಬಿಸುತ್ತಾರಲ್ಲ ಮಾರಾಯ್ರೆ! ಇವರು ಇಪ್ಪತ್ತು ನಿಮಿಷವಾದರೂ ಅಲ್ಲಾಡುತ್ತಿರಲಿಲ್ಲ.

ಅವರನ್ನು ನಾವೆಲ್ಲ ಮೇಸ್ತ್ರಿ ಎಂದೇ ಕರೆಯುತ್ತಿದ್ದೆವು. ಬೈಕುಲ್ಲಾದ ಒಂದು ಗಲ್ಲಿಯಲ್ಲಿ, ಟಯರ್ ಅಂಗಡಿಗೂ ಚಹಾದ ಅಂಗಡಿಗೂ ನಡುವೆ ಅವರ ಗ್ಯಾರೇಜು. ಗ್ಯಾರೇಜು ಎಂದರೆ ಒಂದು ಗಾಡಿ ಒಳಗೆ, ಒಂದು ಗಾಡಿ ಹೊರಗೆ, ಅಷ್ಟೆ. ಬಾಗಲಕೋಟೆ ಕಡೆಯವರು. ಹದಿನೆಂಟಕ್ಕೆ ಮುಂಬೈಗೆ ಬಂದು, ಹಳೆಯ ಡೀಸೆಲ್ ಗಾಡಿಗಳ ಹೊಟ್ಟೆಯಲ್ಲೇ ವಯಸ್ಸು ಕಳೆದವರು. ನನಗಿಂತ ಹತ್ತು ವರ್ಷ ದೊಡ್ಡವರು, ಆದರೂ ನನ್ನನ್ನು 'ಅಕ್ಕಾರ' ಎನ್ನುತ್ತಿದ್ದರು. ಅದು ಅವರ ಊರಿನ ಮರ್ಯಾದೆ. ನಾನು ಉಡುಪಿ ಕಡೆಯವಳು. ಯಾರಾದರೂ ಅಕ್ಕ ಎಂದರೆ ತಲೆಯ ಬಿಳಿ ಕೂದಲು ಮುಟ್ಟಿ ನೋಡಿಕೊಳ್ಳುವವಳು. ಮೊದಲ ದಿನವೇ ಕೇಳಿದ್ದೆ, "ನಾನು ನಿಮಗೆ ಅಕ್ಕನಾ ಮೇಸ್ತ್ರಿ?" ಅಂತ. "ಹಂಗಲ್ರಿ, ಬಾಯಿ ಸುಮ್ಕಿರಬೇಕಲ್ರಿ, ಅದಕ್ಕ" ಎಂದರು. ಯಾರ ಬಾಯಿ ಎಂದು ಹೇಳಲಿಲ್ಲ. ನನ್ನ ಗಂಡ ಬಿದ್ದು ಬಿದ್ದು ನಕ್ಕರು.

ನಮ್ಮದು ವಿಲೆ ಪಾರ್ಲೆಯಲ್ಲಿ ಹಿಟ್ಟಿನ ಕೆಲಸ. ಇಡ್ಲಿ ಹಿಟ್ಟು, ದೋಸೆ ಹಿಟ್ಟು, ಮೊದಲೇ ಹೇಳಿಟ್ಟರೆ ನೀರುದೋಸೆಯದ್ದೂ. ಮನೆಯ ಹಿಂದಿನ ಶೆಡ್ಡಿನಲ್ಲಿ ನಾನು ರುಬ್ಬಿಸುವುದು, ಡ್ರಮ್ಮುಗಳಲ್ಲಿ ತುಂಬಿಸಿ ನಮ್ಮವರು ಮಾಟುಂಗದ ಹೋಟೆಲುಗಳಿಗೆ ಮುಟ್ಟಿಸುವುದು. ಅದಕ್ಕೊಂದು ಹಳೆಯ ಡೀಸೆಲ್ ಪಿಕಪ್ ಇತ್ತು. ಮೂರನೆಯ ಕೈಯಿಂದ ನಮ್ಮ ಕೈಗೆ ಬಂದದ್ದು. ಅದರ ದೆಸೆಯಿಂದ ವರ್ಷಕ್ಕೆ ನಾಲ್ಕು ಸಲವಾದರೂ ಬೈಕುಲ್ಲಾದ ದರ್ಶನವಾಗುತ್ತಿತ್ತು.

ಮೇಸ್ತ್ರಿಯ ಹತ್ತಿರ ಹೋದವರು ಮೊದಲು ಸದ್ದನ್ನು ಬಾಯಿಯಲ್ಲಿ ಮಾಡಿ ತೋರಿಸಬೇಕು. ಅದು ಅವರ ಕಡ್ಡಾಯ. "ಸದ್ದು ಬರ್ತೈತಿ ಅಂದ್ರ ತಿಳಿಯೂದಿಲ್ರಿ. ಹೆಂಗ್ ಬರ್ತೈತಿ ಹೇಳ್ರಿ." ಮಾಟುಂಗದಲ್ಲಿ ನಾಲ್ಕು ಮಂದಿ ನೋಡಿದರೆ ಎದ್ದು ನಿಲ್ಲುವಂಥ ಹೋಟೆಲಿನ ಧಣಿಯೊಬ್ಬರು, ಬಿಳಿ ಶರಟು ಬಿಳಿ ಪಂಚೆಯಲ್ಲಿ ಗಲ್ಲಿಯ ಮಧ್ಯೆ ನಿಂತು "ಟಣ್ಣ, ಟಣ್ಣ, ಟಣ್ಣ" ಎಂದು ಕೂಗಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಮೇಸ್ತ್ರಿ ನಗದೆ, "ಟಣ್ಣ ಅಂತೈತೋ ಟಕ್ ಅಂತೈತೋ? ಸರಿಯಾಗಿ ಹೇಳ್ರಿ ಧಣ್ಯಾರ" ಎಂದು ಮತ್ತೆ ಕೂಗಿಸಿದರು. ಟಕ್ ಟಕ್ ಎಂದು ಮೇಲಿನಿಂದ ಬಂದರೆ ಡೀಸೆಲ್ ಚಿಮ್ಮಿಸುವ ನೋಜಲ್ಲು, ಇಲ್ಲವೇ ಮೇಲಿನ ಸಣ್ಣಪುಟ್ಟ ಸಾಮಾನು. ಡಬ್ ಡಬ್ ಎಂದು ಕೆಳಗಿನಿಂದ ಬಂದರೆ ಬೇರಿಂಗು ಸವೆದಿದೆ, ಇಂಜಿನ್ ಯಾವಾಗ ಬೇಕಾದರೂ ಕಚ್ಚಿಕೊಳ್ಳಬಹುದು. ಅಂಥ ಗಾಡಿಯನ್ನು ಅವರು ಹೊರಗೆ ಬಿಡುತ್ತಲೇ ಇರಲಿಲ್ಲ. ಗಾಡಿಯ ಕೀಲಿ ತೆಗೆದು ತಮ್ಮ ಜೇಬಿಗೆ ಹಾಕಿಕೊಂಡು, "ಇನ್ನ ಬಸ್ಸಿಗೆ ಹೋಗ್ರಿ" ಎನ್ನುತ್ತಿದ್ದರು. ಎಷ್ಟು ಬೈದರೂ ಕೀಲಿ ಜೇಬಿನಿಂದ ಹೊರಗೆ ಬರುತ್ತಿರಲಿಲ್ಲ.

ಇನ್ನೊಂದು ಕಟ್ಟಳೆಯಿತ್ತು. ಗಾಡಿಯನ್ನು ಹಿಂದಿನ ಸಂಜೆಯೇ ಬಿಟ್ಟು ಹೋಗಬೇಕು. ಬೆಳಿಗ್ಗೆ ತಣ್ಣಗಿರುವಾಗ ಒಮ್ಮೆ ಚಾಲೂ ಮಾಡಿ ಕೇಳುತ್ತಾರೆ. ಒಂದೊಂದೇ ನೋಜಲ್ಲಿನ ಪೈಪು ಸಡಿಲಿಸಿ, ಯಾವುದನ್ನು ಸಡಿಲಿಸಿದಾಗ ಸದ್ದು ನಿಲ್ಲುತ್ತದೆ ಎಂದು ನೋಡುತ್ತಾರೆ. ಆಮೇಲೆ ಗಾಡಿಯನ್ನು ಮಝಗಾಂವ್ ತನಕ ಓಡಿಸಿ ತಂದು, ಬಿಸಿಯಾದ ಮೇಲೆ ಇನ್ನೊಮ್ಮೆ ಕೇಳುತ್ತಾರೆ. ಆ ರೌಂಡಿನಲ್ಲಿ ಚಪ್ಪಲಿ ಬಿಚ್ಚಿ, ಬರಿಗಾಲನ್ನು ಗಾಡಿಯ ತಳಕ್ಕೆ ಊರಿ ಡ್ರೈವರಿನ ಪಕ್ಕ ಕೂತಿರುತ್ತಿದ್ದರು. "ತಣ್ಣಗ ಇದ್ದಾಗ ಎಣ್ಣಿ ದಪ್ಪ ಇರ್ತೈತಿ, ಎಲ್ಲಾ ಮುಚ್ಚಿ ಹಾಕ್ತೈತಿ. ಬಿಸಿ ಆತಂದ್ರ ಎಣ್ಣಿ ತೆಳ್ಳಗಾಗ್ತೈತಿ, ಆಗ ಖರೇ ಬರ್ತೈತಿ" ಎನ್ನುತ್ತಿದ್ದರು. ಎರಡು ಸಲ ಕೇಳದೆ ಅವರು ಬಾಯಿ ಬಿಟ್ಟವರಲ್ಲ. ಬಿಟ್ಟರೆ ಅದು ತಪ್ಪಿದ್ದೂ ಇಲ್ಲ.

ನಮ್ಮತ್ತೆಗೆ ಅವರ ಮೇಲೆ ದೇವರ ಮೇಲಿನಷ್ಟೇ ನಂಬಿಕೆ. ಮೇಸ್ತ್ರಿಯನ್ನು ಅವರು ನೋಡಿದ್ದು ಒಂದೋ ಎರಡೋ ಸಲ. ಆದರೂ ಗಾಡಿ ಸ್ವಲ್ಪ ಕೆಮ್ಮಿದರೆ ಸಾಕು, "ಮೇಸ್ತ್ರಿ ಎಂತ ಹೇಳಿದರು?" ಎಂದು ಶುರು. ನನಗೆ ಹೊಟ್ಟೆಕಿಚ್ಚಾಗುವಷ್ಟು. ಹಿಟ್ಟು ಹುಳಿಯಾಗಿದೆಯೇ ಎಂದು ನನ್ನನ್ನು ಒಂದು ದಿನವೂ ಕೇಳಿದವರಲ್ಲ ಅವರು.

ಆರು ವರ್ಷದ ಹಿಂದಿನ ಮಾತು. ಚೌತಿಗೆ ಇನ್ನೇನು ಹತ್ತು ದಿನ. ಬೆಳಿಗ್ಗೆ ಗಾಡಿ ಚಾಲೂ ಮಾಡುವಾಗ ಏನೂ ಇಲ್ಲ. ಡ್ರಮ್ಮು ಮುಟ್ಟಿಸಿ ಮಧ್ಯಾಹ್ನ ಕಂಪೌಂಡಿಗೆ ಬಂದು ನಿಲ್ಲುವಾಗ ಡಬ್ ಡಬ್ ಡಬ್. ಬಾಗಿಲು ಬಡಿದ ಹಾಗೆ. ಮೇಸ್ತ್ರಿಯ ಹತ್ತಿರ ಎಂಟು ವರ್ಷ ಹೋಗಿ ಬಂದವರಿಗೆ ಅದು ಎಂತದ್ದು ಎಂದು ಹೇಳಿಕೊಡಬೇಕೇ? ನಮ್ಮವರು ಕೀಲಿ ತಿರುಗಿಸಿ ಆರಿಸಿ, ಸ್ಟೇರಿಂಗಿನ ಮೇಲೆ ಕೈಯಿಟ್ಟು ಕೂತರು. ಅಷ್ಟರಲ್ಲಿ ಅತ್ತೆ ಜಗಲಿಯಿಂದಲೇ ಕೂಗಿದರು.

"ಮಗಾ, ಅದರ ಹೊಟ್ಟೆಯಲ್ಲಿ ಎಂತದೋ ಬಡಿದುಕೊಳ್ತಾ ಉಂಟು. ಮೇಸ್ತ್ರಿ ಸರಿ ಅಂತ ಹೇಳುವವರೆಗೆ ನೀನು ಅದರಲ್ಲಿ ಬೇರೆಲ್ಲಿಗೂ ಹೋಗಬೇಡ. ನನ್ನ ಮೇಲಾಣೆ."

ಆಣೆ ಹಾಕಿ ಕೂತರೆ ಅತ್ತೆ ಊಟವನ್ನೂ ಮಾಡುವವರಲ್ಲ. ಅಡುಗೆಮನೆಗೆ ಬಂದು ನಮ್ಮವರು ನನ್ನ ಹತ್ತಿರ ಮೆತ್ತಗೆ ಹೇಳಿದರು. "ಕೆಳಗಿನ ಸದ್ದು ಮಾರಾಯ್ತಿ. ಮೇಸ್ತ್ರಿ ಕೇಳಿದರೆ ಕೀಲಿ ಜೇಬಿಗೆ. ಹದಿನೈದು ದಿನ ಗಾಡಿ ಇಲ್ಲ."

ಚೌತಿಯ ಹತ್ತು ದಿನ ಮಾಟುಂಗದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹೋಟೆಲಿನವರು ಎರಡು ಪಾಲು ಹಿಟ್ಟು ಹೇಳಿಯಾಗಿತ್ತು. ಒಂದು ದಿನ ತಪ್ಪಿಸಿದರೆ ಮರುದಿನ ಇನ್ನೊಬ್ಬನ ಡ್ರಮ್ಮು ಅವರ ಅಡುಗೆಮನೆಯಲ್ಲಿ ಕೂತಿರುತ್ತದೆ. ಆಮೇಲೆ ನಾವು ಆ ಬಾಗಿಲಿಗೆ ಹೋಗುವುದೇ ಬೇಡ. ಬಾಡಿಗೆ ಗಾಡಿ ಆ ದಿನಗಳಲ್ಲಿ ಹುಡುಕಿದರೂ ಸಿಗುವುದಿಲ್ಲ. ಇದೆಲ್ಲ ಈಗ ಹೇಳಿಕೊಳ್ಳುವ ನೆಪ. ಆಗ ನನ್ನ ತಲೆ ಓಡಿದ್ದು ಒಂದೇ ದಿಕ್ಕಿಗೆ.

ಸ್ಟೇಷನ್ ರೋಡಿನ ಆಯಿಲ್ ಅಂಗಡಿಗೆ ನಾನೇ ಹೋದೆ. ನಮ್ಮವರಲ್ಲ, ನಾನು. ಹೀಗೀಗೆ ಸದ್ದು ಎಂದೆ. "ಗಾಢಾ ತೇಲ್ ಡಾಲೋ ಭಾಭಿ, ಆವಾಜ್ ಬೈಠ್ ಜಾಯೇಗಾ" ಎಂದು ಅಂಗಡಿಯವನು ಒಂದು ಡಬ್ಬಿ ಕೊಟ್ಟ. ಜೋನಿಬೆಲ್ಲದ ಹಾಗೆ ದಪ್ಪ ಎಣ್ಣೆ. ಅದನ್ನು ಹಾಕಿದರೆ ಸವೆದ ಜಾಗದಲ್ಲಿ ಮೆತ್ತಿಕೊಂಡು ಬಡಿತ ಕೆಲವು ದಿನ ಕೇಳಿಸುವುದಿಲ್ಲ. ಬಡಿತ ಹೋಗುವುದಿಲ್ಲ, ಕೇಳಿಸುವುದಿಲ್ಲ, ಅಷ್ಟೆ. ಡಬ್ಬಿಯನ್ನು ಸೆರಗಿನಡಿ ಹಿಡಿದು ತಂದು ಗಂಡನ ಕೈಗೆ ಕೊಟ್ಟೆ.

"ಮೇಸ್ತ್ರಿಗೆ ಸುಳ್ಳು ಹೇಳಿದ ಹಾಗಾಗ್ತದಲ್ಲ?" ಎಂದರು.

"ಸುಳ್ಳು ಎಂತದ್ದು? ಅವರು ಕೇಳಿದರಲ್ಲವಾ ಹೇಳುವುದು? ಚೌತಿ ಒಂದು ಕಳೆಯಲಿ, ಮರುದಿನವೇ ಬಿಚ್ಚಿಸುವ" ಎಂದೆ ನಾನು. ಅವರಿಗೆ ಯೋಚನೆಯಿತ್ತು, ನನ್ನ ಬಾಯಿಯ ಎದುರು ಅವರ ಯೋಚನೆ ಯಾವತ್ತು ನಿಂತದ್ದು? ಮಧ್ಯಾಹ್ನವೇ ಹಳೆಯ ಎಣ್ಣೆ ಬಸಿದು ಇದನ್ನು ತುಂಬಿಸಿದರು.

ನಮ್ಮ ಗಾಡಿಯ ಎಣ್ಣೆ ಎಂಟು ವರ್ಷದಿಂದ ಬದಲಿಸುತ್ತಿದ್ದದ್ದು ಮೇಸ್ತ್ರಿಯೇ. ಹಾಗಾಗಿ ಎಣ್ಣೆಯ ವಿಷಯ ಅವರು ವಿಚಾರಿಸಲೇ ಇಲ್ಲ. ಸದ್ದು ಹೆಂಗ್ ಬರ್ತೈತಿ ಎಂದಾಗ ನಮ್ಮವರು, "ನೀವೇ ಕೇಳಿ ನೋಡಿ ಮೇಸ್ತ್ರಿ" ಎಂದು ಜಾರಿಕೊಂಡರಂತೆ. ಹಿಂದಿನ ಸಂಜೆ ಬಿಟ್ಟು ಬಂದ ಗಾಡಿಯನ್ನು ಬೆಳಿಗ್ಗೆ ತಣ್ಣಗಿರುವಾಗ ಚಾಲೂ ಮಾಡಿ ಕಿವಿಯಿಟ್ಟರಂತೆ. ಮೇಲಿನಿಂದ ಸಣ್ಣ ಟಕ್ ಟಕ್. ಮೂರನೆಯ ನೋಜಲ್ಲು ಬಿಚ್ಚಿ ತೊಳೆದು ಹಾಕಿದರು. ಆ ಟಕ್ ಟಕ್ಕೂ ನಿಂತಿತು. ಇನ್ನು ಮಝಗಾಂವ್ ರೌಂಡು. ಅಷ್ಟರಲ್ಲಿ ನಾನು ಪಾರ್ಲೆಯಿಂದ ಮೂರು ಸಲ ಫೋನು ಮಾಡಿದ್ದೆ. ಹಿಟ್ಟು ಡ್ರಮ್ಮಿನ ಬಾಯಿ ತನಕ ಉಬ್ಬಿ ಬಂದಿದೆ, ಇನ್ನು ಅರ್ಧ ಗಂಟೆಯಾದರೆ ಹುಳಿ ಹುಳಿ, ಯಾರೂ ಮುಟ್ಟುವುದಿಲ್ಲ ಎಂದು ಕೂಗಿದ್ದೆ. ನನ್ನ ಕೂಗು ಫೋನಿನಿಂದ ಮೇಸ್ತ್ರಿಗೂ ಕೇಳಿಸಿತಂತೆ. ನಮ್ಮವರು ಕೈಮುಗಿದು, "ಇವತ್ತೊಂದು ದಿನ ಬಿಡಿ ಮೇಸ್ತ್ರಿ, ನೀವೇ ಕೇಳಿದಿರಲ್ಲ, ಸರಿ ಉಂಟಲ್ಲ" ಎಂದರು. ಮೇಸ್ತ್ರಿ ಕೀಲಿಯನ್ನು ಒಂದು ಗಳಿಗೆ ಕೈಯಲ್ಲೇ ಇಟ್ಟುಕೊಂಡಿದ್ದು, ಕೊಟ್ಟುಬಿಟ್ಟರು. ಮೂವತ್ತು ವರ್ಷದಲ್ಲಿ ಬಿಸಿ ಮಾಡಿ ಕೇಳದೆ ಅವರು ಹೊರಗೆ ಬಿಟ್ಟ ಗಾಡಿ ಅದೊಂದೇ ಇರಬೇಕು.

"ಮೇಸ್ತ್ರಿ ಸರ್ಟಿಫಿಕೇಟು ಕೊಟ್ಟರು ಅಮ್ಮಾ" ಎಂದು ನಮ್ಮವರು ಬಂದು ಹೇಳಿದಾಗ ಅತ್ತೆ ದೇವರಿಗೆ ದೀಪ ಹಚ್ಚಿದರು. ನಾವಿಬ್ಬರೂ ಅಡುಗೆಮನೆಯಲ್ಲಿ ಒಬ್ಬರನ್ನೊಬ್ಬರು ನೋಡಿ ನಕ್ಕೆವು. 

ಚೌತಿಯ ಮೂರನೆಯ ದಿನ ಬೆಳಿಗ್ಗೆ, ತುಂಬಿದ ಗಾಡಿ ಹೈವೇಯ ಫ್ಲೈಓವರಿನಿಂದ ಇಳಿಯುವಾಗ ಇಂಜಿನ್ ಜಾಮ್ ಆಯಿತು. ಓಡುವ ಗಾಡಿಯ ಇಂಜಿನ್ ಹಾಗೆ ಕಚ್ಚಿಕೊಂಡರೆ ಹಿಂದಿನ ಚಕ್ರಗಳೂ ಕಚ್ಚಿಕೊಳ್ಳುತ್ತವೆ. ಗಾಡಿ ಮಳೆಯ ರಸ್ತೆಯಲ್ಲಿ ಅಡ್ಡ ತಿರುಗಿತು. ಹಿಂದೆ ಬರುತ್ತಿದ್ದ ಲಾರಿಗೆ ನಿಲ್ಲಿಸಲಿಕ್ಕಾಗಲಿಲ್ಲ. ನಾನು ಹೋಗುವಷ್ಟರಲ್ಲಿ ನಮ್ಮವರನ್ನು ಆಸ್ಪತ್ರೆಗೆ ಸಾಗಿಸಿದ್ದರು. ರಸ್ತೆಯ ತುಂಬ ಬಿಳಿ ಹಿಟ್ಟು. ಬೈಕಿನವರು ಜಾರಿ ಬೀಳುತ್ತಾರೆಂದು ಒಬ್ಬರು ಪೊಲೀಸಿನವರು ಅದರ ಮೇಲೆ ಮಣ್ಣು ಹಾಕಿಸುತ್ತಿದ್ದರು. ಮಣ್ಣಿನಡಿಯಲ್ಲೂ ಅದು ಗುಳ್ಳೆ ಗುಳ್ಳೆಯಾಗಿ ಉಬ್ಬುತ್ತಿತ್ತು. ನಮ್ಮವರು ಆ ಸಂಜೆಯೇ ಹೋಗಿಬಿಟ್ಟರು.

ಉತ್ತರಕ್ರಿಯೆಯೆಲ್ಲ ಮುಗಿಯುವ ಹೊತ್ತಿಗೆ ಪೊಲೀಸರು ಗಾಡಿ ಬಿಟ್ಟರು. ಎಲ್ಲಿಗೆ ಒಯ್ಯುವುದು? ಕ್ರೇನಿನವನಿಗೆ ನಾನೇ ಬೈಕುಲ್ಲಾ ಎಂದೆ, ಬೇರೆ ವಿಳಾಸ ನನಗೆ ಗೊತ್ತಿರಲಿಲ್ಲ. ಎರಡು ದಿನ ಬಿಟ್ಟು ನನ್ನ ಮೈದುನ, ಇವರ ತಮ್ಮ, "ಆ ಮುದುಕನನ್ನು ಕೇಳಿಯೇ ಬರ್ತೇನೆ" ಎಂದು ಹೊರಟ. ನಾನೂ ಹಿಂದೆ ಹೋದೆ. ಅವನನ್ನು ತಡೆಯಲೆಂದು ಹೋದೆನೋ, ಮೇಸ್ತ್ರಿ ಏನು ಹೇಳುತ್ತಾರೆಂಬ ಹೆದರಿಕೆಯಿಂದ ಹೋದೆನೋ, ದೇವರಿಗೇ ಗೊತ್ತು.

ಮೇಸ್ತ್ರಿ ಗಾಡಿಯಡಿ ಮಲಗಿದ್ದರು. ಇಂಜಿನ್ನಿನ ತಳದ ಬಿರಡೆ ತೆಗೆದಿದ್ದರು. ಎಣ್ಣೆ ಕೆಳಗಿಟ್ಟ ತಗಡಿಗೆ ಇಳಿಯುತ್ತಿತ್ತು. ಧಾರೆಯಾಗಿ ಅಲ್ಲ, ಎಳೆ ಎಳೆಯಾಗಿ. ಮೈದುನ ಮುಂಬೈಯಲ್ಲೇ ಹುಟ್ಟಿ ಬೆಳೆದವನು, ಸಿಟ್ಟು ಬಂದರೆ ಅವನಿಗೆ ಕನ್ನಡ ಹತ್ತಿರ ಬರುವುದಿಲ್ಲ. "ಬಾಹರ್ ನಿಕಲೋ! ನಮ್ಮ ಅಣ್ಣನ್ನ ಮಾರ್ ಡಾಲಾ ನೀವು! ಸರಿ ಉಂಟು ಅಂತ ಯಾಕೆ ಬೋಲಾ? ಕಿವಿ ಹೈ ಕ್ಯಾ ನಿಮಗೆ?" ಗಲ್ಲಿಯ ಜನವೆಲ್ಲ ಸೇರಿತು. ಟಯರ್ ಅಂಗಡಿಯವರು, ಚಹಾದವರು, ಗಾಡಿ ತೋರಿಸಲು ಬಂದ ಡ್ರೈವರುಗಳು.

ಮೇಸ್ತ್ರಿ ಹೊರಗೆ ಬಂದು ನಿಂತರು. ಎಡಗೈಯ ಎರಡು ಬೆರಳಲ್ಲಿ ಆ ಎಣ್ಣೆಯಿತ್ತು. ಬೆರಳು ಉಜ್ಜಿದರು, ಬಿಡಿಸಿದರು. ನಡುವೆ ಎಳೆ ಬಂತು. ಮೂಗಿನ ಹತ್ತಿರ ಹಿಡಿದರು. ತಾವು ಹಾಕದ ಎಣ್ಣೆ ಅದು ಎಂದು ಅವರಿಗೆ ಗೊತ್ತಾದದ್ದು ನನಗೂ ಗೊತ್ತಾಯಿತು. ತಲೆಯೆತ್ತಿ ನೇರವಾಗಿ ನನ್ನನ್ನು ನೋಡಿದರು. ಸಿಟ್ಟಿನ ನೋಟ ಅಲ್ಲ. ಹೇಳ್ತೀರೇನು, ಎಂದು ಕೇಳಿದ ಹಾಗಿತ್ತು, ಅಷ್ಟೇ.

ನಾನು ಹೇಳಲಿಲ್ಲ. ಊರೆಲ್ಲ ಬಾಯಿಬಡುಕಿ ಎಂದು ಕರೆಯುವ ನನ್ನ ಬಾಯಿ ಆ ದಿನ ಹೊಲಿದ ಹಾಗಾಗಿತ್ತು. ಹೇಳಿದರೆ ಅತ್ತೆ ನನ್ನ ಮುಖ ನೋಡುವುದುಂಟೇ? ಮೈದುನ ಮನೆಯಲ್ಲಿ ಇರಗೊಡುತ್ತಾನೆಯೇ? ಇದೆಲ್ಲ ಒಂದು ಕ್ಷಣದಲ್ಲಿ ಲೆಕ್ಕ ಹಾಕಿ ನೆಲ ನೋಡುತ್ತ ನಿಂತೆ.

ಮೇಸ್ತ್ರಿ ಬಟ್ಟೆಯ ಚೂರಿಗೆ ಬೆರಳು ಒರೆಸಿಕೊಂಡರು. "ಹೌದ್ರಿ ತಮ್ಮಾರ. ನಾ ಕೇಳಿದ್ದು ತಪ್ಪಾತು" ಎಂದರು. ಎಲ್ಲರೆದುರಿಗೆ. ಅಷ್ಟೇ ಮಾತು.

ಆ ಗಲ್ಲಿಯಲ್ಲಿ ಅಷ್ಟು ಮಾತು ಸಾಕು. ತಿಂಗಳೊಳಗೆ ಬೈಕುಲ್ಲಾದಿಂದ ಮಾಟುಂಗದ ತನಕ ಡ್ರೈವರುಗಳ ಬಾಯಲ್ಲಿ ಒಂದೇ ಸುದ್ದಿ: ಮೇಸ್ತ್ರಿಯ ಕಿವಿ ಹೋಯಿತು, ಒಬ್ಬನ ಜೀವ ತೆಗೆದರು. ಹೊರಗೆ ಒಂದು ಒಳಗೆ ಒಂದು ಗಾಡಿ ಯಾವಾಗಲೂ ನಿಲ್ಲುತ್ತಿದ್ದ ಜಾಗದಲ್ಲಿ ನಾಯಿ ಮಲಗತೊಡಗಿತು. ಬಂದ ಒಬ್ಬಿಬ್ಬರಿಗೂ ಮೇಸ್ತ್ರಿ ಖಡಾಖಡಿ ಹೇಳುವುದನ್ನು ಬಿಟ್ಟರು. ಎರಡು ಸಲವಲ್ಲ, ನಾಲ್ಕು ನಾಲ್ಕು ಸಲ ಕೇಳಿ, ಕೊನೆಗೆ, "ಇನ್ನೊಬ್ಬರ ಕಡೀಗೂ ತೋರಿಸ್ರಿ" ಎನ್ನುತ್ತಿದ್ದರು. ಇನ್ನೊಬ್ಬರಿಗೆ ತೋರಿಸಲು ಹೋದವರು ತಿರುಗಿ ಬರುತ್ತಾರೆಯೇ?

ನಮ್ಮ ಗಾಡಿಯನ್ನು ಮಾತ್ರ ಅವರೇ ಪೂರಾ ಬಿಚ್ಚಿ ಕಟ್ಟಿದರು. ಎರಡು ತಿಂಗಳು ಹಿಡಿಯಿತು. ಜಜ್ಜಿದ ಹಿಂದಿನ ಭಾಗವನ್ನು ಬೇರೆಯವರಿಂದ ಸರಿಮಾಡಿಸಿದರು, ಇಂಜಿನ್ನಿಗೆ ಬೇರೆಯವರ ಕೈ ತಾಗಿಸಲಿಲ್ಲ. ಹಿಟ್ಟಿನ ಕೆಲಸ ಬಿಟ್ಟರೆ ನಮಗೆ ಬೇರೆ ಗತಿಯಿರಲಿಲ್ಲ. ನಾನು ಗಾಡಿ ಕಲಿತು ಲೈಸೆನ್ಸು ಮಾಡಿಸಿದೆ. ಹೇಗೆ ನಾಚಿಕೆಯಿಲ್ಲದೆ ಅವರ ಗ್ಯಾರೇಜಿನ ಸ್ಟೂಲಿನ ಮೇಲೆ ದಿನಾ ಹೋಗಿ ಕೂತೆ ಎಂದು ಕೇಳಿದರೆ, ಕೂತೆ. ಹೊಟ್ಟೆಪಾಡು ನಾಚಿಕೆಯನ್ನೂ ನುಂಗಿಸುತ್ತದೆ.

ಇಂಜಿನ್ ಕಟ್ಟಿ ಮುಗಿದ ದಿನ, "ಬರ್ರಿ ಅಕ್ಕಾರ, ಕಿವಿ ಹಚ್ರಿ" ಎಂದು ಆ ಉದ್ದನೆಯ ಸ್ಕ್ರೂಡ್ರೈವರನ್ನು ನನ್ನ ಕೈಗೆ ಕೊಟ್ಟರು. ತುದಿಯನ್ನು ಎಲ್ಲಿಡಬೇಕು, ಹಿಡಿಯನ್ನು ಎಷ್ಟು ಒತ್ತಬೇಕು ಎಂದು ತೋರಿಸಿದರು. ಮೊದಲು ಬರೀ ಗದ್ದಲ. "ಅವಸರ ಮಾಡಬ್ಯಾಡ್ರಿ. ಗದ್ದಲ ಗದ್ದಲನ ಇರ್ಲಿ. ಅದರಾಗ ಒಂದು ತಪ್ಪು ಬೀಳಾಕತ್ತಿರ್ತೈತಿ, ಅದನ್ನಷ್ಟ ಹಿಡೀರಿ." ಕಣ್ಣು ಮುಚ್ಚಿ ನಿಂತೆ. ಸ್ವಲ್ಪ ಹೊತ್ತಾದ ಮೇಲೆ ನಾಲ್ಕು ಬಡಿತ ನಾಲ್ಕಾಗಿಯೇ ಕೇಳಿಸಿದವು, ಒಂದರ ಹಿಂದೆ ಒಂದು, ಸಮವಾಗಿ. ನನಗೆ ಅಳು ಬಂತು. ಅವರು ಬೇರೆ ಕಡೆ ನೋಡುತ್ತ ನಟ್ಟು ಬಿಗಿಯುವ ಪಾನಾ ಒರೆಸಿದರು.

ಆಮೇಲೆ ಮಝಗಾಂವ್ ರೌಂಡು. ನಾನೇ ಓಡಿಸಿದೆ. ಅವರು ಚಪ್ಪಲಿ ಬಿಚ್ಚಿ ಪಕ್ಕದಲ್ಲಿ ಕೂತರು. ವಾಪಸು ಬಂದು ಗಾಡಿ ನಿಲ್ಲಿಸಿದ ಮೇಲೂ ಇಳಿಯಲಿಲ್ಲ.

"ಮತ್ತೇನರ ಹೇಳೂದೈತೇನ್ರಿ ಅಕ್ಕಾರ?"

ಗಾಡಿಯ ವಿಷಯ ಕೇಳುತ್ತಿದ್ದಾರೆ ಎಂದುಕೊಳ್ಳಲು ನಾನೇನು ಎಳೆಮಗುವೇ? "ಏನಿಲ್ಲ ಮೇಸ್ತ್ರಿ, ಎಲ್ಲ ಚೆನ್ನಾಗಿದೆ" ಎಂದೆ.

"ಆತ್ರಿ" ಎಂದು ಇಳಿದರು. ಇಳಿದು ಬಾಗಿಲು ಹಾಕುವಾಗ ಹೇಳಿದರು, "ದಪ್ಪ ಎಣ್ಣಿ ಎಂದೂ ಹಾಕಬ್ಯಾಡ್ರಿ. ಮುಚ್ಚಿದ್ದು ಒಳಗ ತಿಂತಿರ್ತೈತಿ. ಆ ದಿನ ನಾ ಬಿಸಿ ಮಾಡಿ ಕೇಳಿದ್ದರ ಆ ಎಣ್ಣ್ಯಾಗೂ ನನಗ ಸಿಗ್ತಿತ್ತು. ನಾ ಕೇಳ್ಲಿಲ್ಲ." ಇಷ್ಟು ಸ್ಪಷ್ಟವಾಗಿ ಬಾಗಿಲು ತೆರೆದುಕೊಟ್ಟರೂ ನಾನು ಒಳಗೆ ಕಾಲಿಡಲಿಲ್ಲ. ಗಾಡಿ ಗೇರಿಗೆ ಹಾಕಿ ಬಂದುಬಿಟ್ಟೆ.

ಮೂರು ವರ್ಷ ಹೀಗೆಯೇ ನಡೆಯಿತು. ನಾಲ್ಕು ತಿಂಗಳಿಗೊಮ್ಮೆ ಎಣ್ಣೆ ಬದಲಿಸಲು ಹೋಗುತ್ತಿದ್ದೆ. ಹೋಗುವಾಗ ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಜೋಡಿಸಿಕೊಳ್ಳುವುದು, ಅಲ್ಲಿ ಚಹಾ ಕುಡಿದು ಬರುವುದು. ಆಮೇಲೆ ಒಂದು ದಿನ ಹೋದರೆ ಬಾಗಿಲಲ್ಲಿ ಬೇರೆ ಬೋರ್ಡು. ಮೇಸ್ತ್ರಿ ಎರಡು ಗಲ್ಲಿ ಆಚೆ ಇನ್ನೊಬ್ಬನ ಗ್ಯಾರೇಜಿನಲ್ಲಿ ಕೆಲಸಕ್ಕೆ ಸೇರಿದ್ದರು. ಕುಕ್ಕರಗಾಲಿನಲ್ಲಿ ಕೂತು, ಬಿಚ್ಚಿದ ಸಾಮಾನುಗಳನ್ನು ಡೀಸೆಲ್ ಬಕೆಟ್ಟಿನಲ್ಲಿ ಅದ್ದಿ ಬ್ರಶ್ಶಿನಿಂದ ತಿಕ್ಕುತ್ತಿದ್ದರು. ಪಕ್ಕದಲ್ಲೇ ಒಂದು ಟೆಂಪೋ ಓಡುತ್ತಿತ್ತು. ಹೊಸ ಮಾಲೀಕ ಅದರ ಮೇಲೆ ಬಗ್ಗಿದ್ದ. ನನಗೇ ಕೇಳಿಸಿತು, ಎರಡನೆಯ ನೋಜಲ್ಲು. ಮೇಸ್ತ್ರಿಗೆ ಕೇಳಿಸದಿರುತ್ತದೆಯೇ? ಅವರು ತಲೆಯೆತ್ತಲಿಲ್ಲ. ತಿಕ್ಕುತ್ತಲೇ ಇದ್ದರು. ಅವರನ್ನು ಯಾರೂ ಕೇಳಿರಲಿಲ್ಲ.

ಹೋದ ವರ್ಷ ಅವರ ಪುಪ್ಪುಸ ಕೆಟ್ಟಿತು. ಮೂವತ್ತೈದು ವರ್ಷದ ಹೊಗೆ ಎಂದರು ಡಾಕ್ಟರು. ಸರಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗಿದ್ದವರನ್ನು ನೋಡಲು ಹೋದೆ. ಆ ದಿನ ಹೇಳಿಯೇ ತೀರುವುದೆಂದು ಹೋದದ್ದು, ಸತ್ಯವಾಗಿಯೂ. ಆದರೆ ಹಾಸಿಗೆಯ ಪಕ್ಕದಲ್ಲಿ ಅವರ ಹೆಂಡತಿ ಗಂಜಿಯ ಬಟ್ಟಲು ಹಿಡಿದು ನಿಂತಿದ್ದರು. ಅವರೆದುರು ಬಾಯಿ ಬರಲಿಲ್ಲ.

"ಗಾಡಿ ಹೆಂಗೈತ್ರಿ?" ಮೇಸ್ತ್ರಿ ಕೇಳಿದರು. ಉಸಿರಿಗಿಂತ ಸ್ವಲ್ಪ ದೊಡ್ಡ ದನಿ.

"ಚೆನ್ನಾಗಿದೆ ಮೇಸ್ತ್ರಿ."

"ಬಿಸಿ ಆದಾಗ?"

"ಬಿಸಿಯಾದಾಗಲೂ."

ತಲೆಯಾಡಿಸಿದರು. ನಾಡಿದ್ದು ಬರುತ್ತೇನೆ ಎಂದು ಹೇಳಿ ಎದ್ದೆ. ಆ ನಾಡಿದ್ದಿನ ಬೆಳಿಗ್ಗೆಯೇ ಟಯರ್ ಅಂಗಡಿಯವರ ಫೋನು ಬಂತು.

ಮಣ್ಣಿಗೆ ಹೋದವರು ಹನ್ನೊಂದು ಜನ. ಒಂದು ಕಾಲದಲ್ಲಿ ಅವರೆದುರು ಟಣ್ಣ ಟಣ್ಣ ಎಂದು ಕೂಗಿದವರು ಒಬ್ಬರೂ ಇರಲಿಲ್ಲ. ಅಲ್ಲಿಂದ ನೇರ ಮನೆಗೆ ಬಂದು, ಕೈಕಾಲು ತೊಳೆಯುವ ಮೊದಲೇ, ಅತ್ತೆಯನ್ನೂ ಮೈದುನನನ್ನೂ ಕೂರಿಸಿ ಹೇಳಿದೆ. ಆಯಿಲ್ ಅಂಗಡಿಯಿಂದ ಹಿಡಿದು ಮೂರು ಫೋನಿನ ತನಕ, ಒಂದನ್ನೂ ಬಿಡದೆ. ಮೈದುನ, "ಭಾಭಿ, ಅಬ್ ಛೋಡೋ, ಹಳೇದೆಲ್ಲ ಯಾಕೆ" ಎಂದು ಎದ್ದು ಹೋದ. ಗಲ್ಲಿಯಲ್ಲಿ ಅಷ್ಟು ಜನರೆದುರು ಕೂಗಿದವನಿಗೆ ಅಲ್ಲಿಗೆ ಹೋಗಿ ಒಂದು ಮಾತು ಹೇಳಿ ಬಾ ಎಂದರೆ ಹೋಗಲಿಲ್ಲ. ಅತ್ತೆ ಮಾತ್ರ ಏಳಲಿಲ್ಲ. "ಅವರು ಸರಿ ಅಂದ ಮೇಲೆಯೇ ನಾನು ಅವನನ್ನು ಕಳಿಸಿದ್ದು" ಎಂದರು. ಅದೇ ಕೊನೆ. ನಾನು ಬಡಿಸಿದ್ದನ್ನು ಉಣ್ಣುತ್ತಾರೆ, ನನ್ನ ಹತ್ತಿರ ಮಾತಾಡುವುದಿಲ್ಲ. ಅದಕ್ಕೆ ನಾನು ಅವರನ್ನು ದೂರುವುದಿಲ್ಲ.

ಮರುದಿನ ಬೈಕುಲ್ಲಾದ ಗಲ್ಲಿಗೆ ಹೋಗಿ, ಮೈದುನ ನಿಂತು ಕೂಗಿದ ಜಾಗದಲ್ಲೇ ನಿಂತು, ಟಯರ್ ಅಂಗಡಿಯವರಿಗೂ ಚಹಾದವರಿಗೂ ಹೇಳಿದೆ. ಕೇಳಿದರು. ಚಹಾದವರು ಗ್ಲಾಸು ತೊಳೆಯುವುದನ್ನು ನಿಲ್ಲಿಸಿ, "ಐದು ವರ್ಷ ಬೇಕಾಯ್ತಾ ಅಕ್ಕ?" ಎಂದರು. ಮತ್ತೆ ತೊಳೆಯತೊಡಗಿದರು.

ಕೊನೆಗೆ ಮೇಸ್ತ್ರಿಯ ಹೆಂಡತಿಯನ್ನು ಕಾಣಲು ಅವರ ಚಾಳಿನ ಮನೆಗೆ ಹೋದೆ. ನಿಜ ಹೇಳುತ್ತೇನೆ, ಏನೋ ಒಳ್ಳೆಯದನ್ನು ಒಯ್ಯುತ್ತಿದ್ದೇನೆ ಎಂಬ ಭಾವನೆ ನನಗಿತ್ತು. ನಿಮ್ಮ ಗಂಡನ ಕಿವಿ ತಪ್ಪಲಿಲ್ಲ, ತಪ್ಪಿಸಿದ್ದು ನಾವು ಎಂದು ತಿಳಿದರೆ ಆ ಹೆಂಗಸಿಗೆ ಅಷ್ಟಾದರೂ ನೆಮ್ಮದಿಯಾದೀತು ಎಂದುಕೊಂಡಿದ್ದೆ. ಒಂದೇ ಕೋಣೆ. ಗೋಡೆಗೆ ಒರಗಿ ಕೂತಿದ್ದರು. ನಾನು ಹೇಳುತ್ತ ಹೋದೆ. ಎಣ್ಣೆಯ ವಿಷಯ ಮೇಸ್ತ್ರಿ ತಮ್ಮ ಹೆಂಡತಿಗೂ ಹೇಳಿರಲಿಲ್ಲ ಎಂದು ಅವರ ಮುಖ ನೋಡಿಯೇ ನನಗೆ ತಿಳಿಯಿತು.

ಮುಗಿದ ಮೇಲೆ ಅವರು ಸೆರಗನ್ನು ಬಾಯಿಗೆ ಹಿಡಿದರು. ನೆಮ್ಮದಿಯ ಅಳು ಇರಬೇಕು ಎಂದುಕೊಂಡೆ. ಸೆರಗು ತೆಗೆದು ಹೇಳಿದರು:

"ಗ್ಯಾರೇಜು ಬಿಟ್ಟ ಮ್ಯಾಲ ಮನ್ಯಾಗ ದಿನಾ ಜಗಳ ಆಗ್ತಿತ್ರಿ. ಒಲಿ ಮ್ಯಾಲ ಇಡಾಕ ಏನೂ ಇರ್ತಿರ್ಲಿಲ್ಲ. ಸಿಟ್ಟಿಗೆ ನಾ ಅಂತಿದ್ದೆ, ನಿನ್ನ ಕೈಯಾಗ ಒಬ್ಬ ಸತ್ತಾನ, ಅದರ ಪಾಪ ನಮ್ಮ ಒಲೀಗೆ ಹತ್ತೈತಿ ಅಂತ. ಒಂದ್ಸಲಲ್ರಿ, ಎಷ್ಟೋ ಸಲ ಅಂದೀನಿ. ದವಾಖಾನ್ಯಾಗೂ ಅಂದೀನಿ. ನೀವು ಬಂದು ಹೋದ ದಿನನ. ತಿರುಗಿ ಮಾತಾಡ್ಲಿಲ್ರಿ ಅವ್ರು."

ನಾನು ಕೈಮುಗಿದೆ. ಅವರು ನನ್ನ ಕೈಗಳನ್ನು ನೋಡಲಿಲ್ಲ.

"ನೀವೇನ್ರಿ, ಇವತ್ತು ಹೇಳಿ ಹಗುರ ಆದ್ರಿ. ನಾ ಅಂದದ್ದನ್ನ ಯಾರ ಮುಂದ ಹೋಗಿ ಹೇಳ್ಲಿ?"